ಪುಟ್ಟ ಕ್ಯಾಮೆರಾದಿಂದ ಎಸ್‌ಎಲ್‌ಆರ್‌ಗೆ: ಬದಲಾಗುವುದೇನು?

2008ರ ಡಿಸೆಂಬರ್. ನಮ್ಮ ಪ್ರೌಢಶಾಲೆಯ ವಾರ್ಷಿಕೋತ್ಸವ. ಸಂಜೆ ಏಳರ ಹೊತ್ತಿಗೆ ವೇದಿಕೆಯ ಮೇಲೆ ಎಂಟನೇ ತರಗತಿಯ ಮಕ್ಕಳ ಕೋಲಾಟ ನಡೆಯುತ್ತಿತ್ತು. ಶಾಲೆಯ ಡಿಜಿಟಲ್ ಕ್ಯಾಮೆರಾ ನನ್ನ ಕೈಯಲ್ಲಿತ್ತು. ಅಂಗಿಯ ಜೇಬಿನಲ್ಲಿ ಹಿಡಿಸುವಷ್ಟು ಪುಟ್ಟದು, ಏಳು ಮೆಗಾಪಿಕ್ಸೆಲ್‌ನದು. ಹಗಲಿನಲ್ಲಿ ಅದು ತೆಗೆದ ಚಿತ್ರಗಳನ್ನು ಎಲ್ಲರೂ ಮೆಚ್ಚಿದ್ದರು. ಆ ಸಂಜೆ ನಲವತ್ತಕ್ಕೂ ಹೆಚ್ಚು ಚಿತ್ರ ತೆಗೆದೆ. ಮರುದಿನ ಕಂಪ್ಯೂಟರಿನಲ್ಲಿ ನೋಡಿದರೆ ಮಕ್ಕಳಿರಬೇಕಾದ ಜಾಗದಲ್ಲಿ ಬಣ್ಣದ ಗೀರುಗಳಿದ್ದವು. ಫ್ಲ್ಯಾಷ್ ಹಾಕಿ ತೆಗೆದವುಗಳಲ್ಲಿ ಮುಂದಿನ ಸಾಲಿನಲ್ಲಿ ಕುಳಿತವರ ತಲೆಗಳು ಬೆಳ್ಳಗಾಗಿ, ವೇದಿಕೆ ಕತ್ತಲಾಗಿತ್ತು. ಕೆಲಸ ಬಿಟ್ಟು ಕಾರ್ಯಕ್ರಮಕ್ಕೆ ಬರಲಾಗದಿದ್ದ ತಂದೆಯೊಬ್ಬರು ವಾರದ ಬಳಿಕ ಶಾಲೆಗೆ ಬಂದು, "ಮಗಳ ಫೋಟೋ ಒಂದಿದ್ದರೆ ಕೊಡಿ ಸಾರ್" ಎಂದರು. ಕೊಡಲು ಒಂದೂ ಇರಲಿಲ್ಲ.

ಮುಂದಿನ ವರ್ಷ ಹಳೆಯ ವಿದ್ಯಾರ್ಥಿಗಳ ನೆರವಿನಿಂದ ಒಂದು ಡಿಜಿಟಲ್ ಎಸ್‌ಎಲ್‌ಆರ್ ಬಂತು. ಅದೇ ವೇದಿಕೆ, ಅದೇ ದೀಪ. ಚಿತ್ರಗಳು ಮೊದಲಿಗಿಂತ ಮೇಲೆನಿಸಿದರೂ ಕುಣಿಯುವ ಮಕ್ಕಳ ಮುಖಗಳು ಇನ್ನೂ ಕಲಸಿಹೋಗಿದ್ದವು. ದೊಡ್ಡ ಕ್ಯಾಮೆರಾ ಬಂದರೆ ಎಲ್ಲವೂ ಸರಿಹೋಗುತ್ತದೆ ಎಂದುಕೊಂಡಿದ್ದ ನಮಗೆ ಪೆಚ್ಚಾಯಿತು. ತಪ್ಪು ಎಲ್ಲಿದೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿದಾಗ ಹೊಳೆದ ಸಂಗತಿಗಳೇ ಈ ಲೇಖನದ ವಸ್ತು.

ಬೆಳಕಿನ ಲೆಕ್ಕ

ಬೆಳಕಿನ ಮಟ್ಟವನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ನಾಲ್ಕಾರು ಟ್ಯೂಬ್‌ಲೈಟ್ ಹಾಕಿದ ಶಾಲಾ ವೇದಿಕೆಯಲ್ಲಿ ಸಿಗುವುದು ನೂರರ ಆಸುಪಾಸು. ಎಂದರೆ ಸಾವಿರದ ಒಂದು ಪಾಲು! ನಮ್ಮ ಕಣ್ಣು ಕತ್ತಲಿಗೂ ಬೆಳಕಿಗೂ ಬೇಗ ಹೊಂದಿಕೊಳ್ಳುವುದರಿಂದ ಈ ಅಂತರ ಅರಿವಿಗೆ ಬರುವುದಿಲ್ಲ. ಕ್ಯಾಮೆರಾ ಮಾತ್ರ ಇದನ್ನು ಹೇಗಾದರೂ ತುಂಬಿಕೊಳ್ಳಲೇಬೇಕು. ಅದಕ್ಕಿರುವ ದಾರಿ ಮೂರು. ಷಟರನ್ನು ಹೆಚ್ಚು ಹೊತ್ತು ತೆರೆದಿಡಬಹುದು. ಅಪರ್ಚರ್ ಎಂದು ಕರೆಯುವ ಬೆಳಕಿಂಡಿಯನ್ನು ಅಗಲ ಮಾಡಬಹುದು. ಇಲ್ಲವೇ ಸಿಕ್ಕಿದ ಅಲ್ಪ ಸಂಕೇತವನ್ನೇ ವರ್ಧಿಸಬಹುದು. ವರ್ಧನೆಯ ಪ್ರಮಾಣವನ್ನು ಸೂಚಿಸುವುದು ಐಎಸ್‌ಓ ಸಂಖ್ಯೆ. ಅದನ್ನು ಹೆಚ್ಚಿಸಿದರೆ ಬೆಳಕೇನೂ ಹೆಚ್ಚುವುದಿಲ್ಲ. ರೇಡಿಯೋದ ಸ್ವರ ಏರಿಸಿದಂತೆ ಹಾಡಿನ ಜೊತೆಗೆ ಗೊರಗೊರ ಸದ್ದೂ ಏರುತ್ತದೆ.

ಬೆಳಕಿಂಡಿಯ ಅಳತೆಯನ್ನು ಎಫ್-ಸಂಖ್ಯೆಯಲ್ಲಿ ಹೇಳುತ್ತಾರೆ. ಲೆನ್ಸಿನ ಸಂಗಮದೂರವನ್ನು ಕಿಂಡಿಯ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆ ಅದು. ಭಾಗಲಬ್ಧವಾದ್ದರಿಂದ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಮೊದಲ ಬಾರಿಗೆ ಕೇಳುವ ವಿದ್ಯಾರ್ಥಿಗಳು ಇಲ್ಲಿ ತಪ್ಪದೆ ಎಡವುತ್ತಾರೆ.

ಇನ್ನು ಸೂತ್ರ. ಎಫ್-ಸಂಖ್ಯೆಯ ವರ್ಗವನ್ನು 250ರಿಂದ ಗುಣಿಸಿ. ಬಂದದ್ದನ್ನು ಲಕ್ಸ್ ಮತ್ತು ಐಎಸ್‌ಓ ಸಂಖ್ಯೆಗಳ ಗುಣಲಬ್ಧದಿಂದ ಭಾಗಿಸಿ. ಷಟರ್ ಎಷ್ಟು ಸೆಕೆಂಡು ತೆರೆದಿರಬೇಕೆಂಬುದು ತಿಳಿಯುತ್ತದೆ. ನಮ್ಮ ಪುಟ್ಟ ಕ್ಯಾಮೆರಾದ ಲೆನ್ಸು ಜೂಮ್ ಮಾಡಿದಾಗ ಸುಮಾರು ಎಫ್/5ಕ್ಕೆ ಕಿರಿದಾಗುತ್ತಿತ್ತು. ಐಎಸ್‌ಓ 400ಕ್ಕಿಂತ ಮೇಲೆ ಹೋದರೆ ಚಿತ್ರದ ತುಂಬ ಕಾಳುಕಾಳು ಚುಕ್ಕೆಗಳು. ಆದ್ದರಿಂದ 25 × 250 ÷ (100 × 400) = 0.156 ಸೆಕೆಂಡು, ಅಂದರೆ ಹೆಚ್ಚುಕಡಿಮೆ 1/6 ಸೆಕೆಂಡು. ಕೋಲಾಟದ ಹುಡುಗಿ ಸೆಕೆಂಡಿಗೆ ಒಂದು ಮೀಟರಿನಂತೆ ಚಲಿಸಿದರೂ ಷಟರ್ ತೆರೆದಿದ್ದ ಅವಧಿಯಲ್ಲಿ 16 ಸೆಂಟಿಮೀಟರ್ ಸರಿದಿರುತ್ತಾಳೆ. ಒಂದು ಮುಖದ ಅಗಲಕ್ಕಿಂತಲೂ ಹೆಚ್ಚು! ಚಿತ್ರದಲ್ಲಿ ಗೀರಲ್ಲದೆ ಇನ್ನೇನು ಮೂಡೀತು?

ಫ್ಲ್ಯಾಷ್ ಏಕೆ ನೆರವಾಗಲಿಲ್ಲ? ವಿಲೋಮ ವರ್ಗ ನಿಯಮವನ್ನು ನೆನೆಯಿರಿ. ಎರಡು ಮೀಟರ್ ದೂರದ ತಲೆಗೆ ಸಿಕ್ಕುವ ಬೆಳಕಿನ 25ನೇ ಒಂದು ಭಾಗ ಮಾತ್ರ ಹತ್ತು ಮೀಟರ್ ದೂರದ ವೇದಿಕೆಗೆ ಮುಟ್ಟುತ್ತದೆ. ಕ್ರೀಡಾಂಗಣದ ಗ್ಯಾಲರಿಯಲ್ಲಿ ಕುಳಿತು ಆಟಗಾರರತ್ತ ಫ್ಲ್ಯಾಷ್ ಹೊಡೆಯುವವರನ್ನು ಕಂಡಾಗ ನನಗೆ ಈ ನಿಯಮವೇ ನೆನಪಾಗುತ್ತದೆ.

ಸಾಸಿವೆ ಕಾಳಿನ ಪ್ರಯೋಗ

ಅದೇ ಐಎಸ್‌ಓ 400ರಲ್ಲಿ, ಏಕೆ 1600ರಲ್ಲಿ ಕೂಡ, ಎಸ್‌ಎಲ್‌ಆರ್ ನುಣುಪಾದ ಚಿತ್ರ ಕೊಡುತ್ತದೆ. ಕಾರಣ ಮೆಗಾಪಿಕ್ಸೆಲ್ ಅಲ್ಲ. ಲೆಕ್ಕಕ್ಕೆ 2006ರಲ್ಲಿ ಬಂದ ನಿಕಾನ್ ಡಿ40 ಎಂಬ ಎಸ್‌ಎಲ್‌ಆರ್ ಅನ್ನು ತೆಗೆದುಕೊಳ್ಳೋಣ. ಅದರದು ಆರೇ ಮೆಗಾಪಿಕ್ಸೆಲ್, ಜೇಬಿನ ಕ್ಯಾಮೆರಾಕ್ಕಿಂತ ಒಂದು ಕಡಿಮೆ. ವ್ಯತ್ಯಾಸವಿರುವುದು ಬಿಂಬ ಬೀಳುವ ಸಂವೇದಕದ ವಿಸ್ತೀರ್ಣದಲ್ಲಿ. ಡಿ40ಯ ಸಂವೇದಕ 23.7 × 15.6 ಮಿ.ಮೀ.; ಒಂದು ಅಂಚೆಚೀಟಿಯಷ್ಟು. ಆ ಕಾಲದ ಜೇಬಿನ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿದ್ದದ್ದು 5.76 × 4.29 ಮಿ.ಮೀ.; ಕಿರುಬೆರಳಿನ ಉಗುರಿಗಿಂತಲೂ ಸಣ್ಣದು. ವಿಸ್ತೀರ್ಣಗಳ ಅನುಪಾತ 15.

ಈ ಸಣ್ಣ ಸಂವೇದಕವನ್ನು ಪೆಟ್ಟಿಗೆಯ ಮೇಲೆ 1/2.5 ಇಂಚು ಎಂದು ಬರೆದಿರುತ್ತಾರೆ. ಅಳೆದು ನೋಡಿದರೆ ಕರ್ಣವೇ 7.2 ಮಿ.ಮೀ.; ಇಂಚಿನ ಲೆಕ್ಕದಂತೆ 10.2 ಇರಬೇಕಿತ್ತು. ಹಳೆಯ ಟೆಲಿವಿಷನ್ ಕ್ಯಾಮೆರಾಗಳಲ್ಲಿ ಬಿಂಬವನ್ನು ಗ್ರಹಿಸುತ್ತಿದ್ದ ಗಾಜಿನ ಕೊಳವೆಯ ಹೊರವ್ಯಾಸವನ್ನು ಹೇಳುವ ರೂಢಿ ಇತ್ತು. ಅದರೊಳಗೆ ಬಿಂಬಕ್ಕೆ ಬಳಕೆಯಾಗುತ್ತಿದ್ದದ್ದು ಸುಮಾರು ಮೂರನೇ ಎರಡು ಭಾಗ. ಕೊಳವೆ ಹೋಯಿತು, ರೂಢಿ ಉಳಿಯಿತು. ಕೊಳ್ಳುವವರನ್ನು ದಾರಿ ತಪ್ಪಿಸುವ ಇಂಥ ಅಳತೆಯನ್ನು ಕೈಬಿಟ್ಟು ಮಿಲಿಮೀಟರಿನಲ್ಲೇ ಹೇಳಬಾರದೇಕೆ ಎಂಬುದು ನನ್ನ ತಕರಾರು.

ಒಂದೊಂದು ಪಿಕ್ಸೆಲ್‌ನ ಪಾಲಿಗೆ ಬರುವ ಜಾಗವನ್ನು ನೋಡಿ. ಡಿ40ಯ ಪಿಕ್ಸೆಲ್‌ನ ಬದಿ ಸುಮಾರು 7.9 ಮೈಕ್ರೋಮೀಟರ್. ಏಳು ಮೆಗಾಪಿಕ್ಸೆಲ್‌ನ ಸಣ್ಣ ಸಂವೇದಕದಲ್ಲಿ ಅದು 1.9 ಮಾತ್ರ. ಬದಿ ನಾಲ್ಕು ಪಟ್ಟಿಗಿಂತ ಹೆಚ್ಚು, ವಿಸ್ತೀರ್ಣ ಸುಮಾರು ಹದಿನೇಳು ಪಟ್ಟು. ಒಂದೇ ಎಫ್-ಸಂಖ್ಯೆ, ಒಂದೇ ಷಟರ್ ಅವಧಿಯಲ್ಲಿ ದೊಡ್ಡ ಪಿಕ್ಸೆಲ್‌ಗೆ ಹದಿನೇಳು ಪಟ್ಟು ಫೋಟಾನುಗಳು ಬಂದು ಬೀಳುತ್ತವೆ.

ಬಿದ್ದರೇನಾಯಿತು, ಸಣ್ಣದರ ಸಂಕೇತವನ್ನು ಹದಿನೇಳು ಪಟ್ಟು ವರ್ಧಿಸಿದರೆ ಸಾಲದೇ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಉತ್ತರಕ್ಕೆ ತರಗತಿಯಲ್ಲೇ ಮಾಡಬಹುದಾದ ಪ್ರಯೋಗವೊಂದಿದೆ. ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ 8 ಸೆಂ.ಮೀ. ಬದಿಯ ಹದಿನಾರು ಚೌಕಗಳನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಅವುಗಳಲ್ಲಿ ಒಂದನ್ನು ಮಾತ್ರ 2 ಸೆಂ.ಮೀ. ಬದಿಯ ಹದಿನಾರು ಚಿಕ್ಕ ಚೌಕಗಳಾಗಿ ವಿಂಗಡಿಸಿ. ಹಾಳೆಗೆ ತೆಳ್ಳಗೆ ಗಂಜಿ ಬಳಿಯಿರಿ; ಬಿದ್ದ ಕಾಳು ಪುಟಿದು ಹೋಗದೆ ಅಲ್ಲೇ ಕೂರುತ್ತದೆ. ಈಗ ಎರಡು ಮೂರು ಚಮಚ ಸಾಸಿವೆಯನ್ನು ಜರಡಿಗೆ ಹಾಕಿ, ಕೈ ಒಂದೇ ಕಡೆ ನಿಲ್ಲದಂತೆ ಹಾಳೆಯ ಮೇಲೆಲ್ಲ ಉದುರಿಸಿ. ಜರಡಿಯ ಕಣ್ಣು ಸಾಸಿವೆ ಒಂದೊಂದಾಗಿ ಇಳಿಯುವಷ್ಟು ಇರಬೇಕು. ಮಕ್ಕಳನ್ನು ಗುಂಪು ಮಾಡಿ ಪ್ರತಿ ಚೌಕದ ಕಾಳುಗಳನ್ನು ಎಣಿಸಲು ಹಚ್ಚಿ.

ಚಿಕ್ಕ ಚೌಕವೊಂದಕ್ಕೆ ಸರಾಸರಿ 9 ಕಾಳು ಬಿತ್ತೆನ್ನಿ. ಆದರೆ ಪ್ರತಿಯೊಂದರಲ್ಲೂ 9 ಇರುವುದಿಲ್ಲ. ಒಂದರಲ್ಲಿ 6, ಪಕ್ಕದ್ದರಲ್ಲಿ 12, ಮತ್ತೊಂದರಲ್ಲಿ 8. ಯಾದೃಚ್ಛಿಕವಾಗಿ ಬೀಳುವ ವಸ್ತುಗಳನ್ನು ಎಣಿಸಿದಾಗ ಸರಾಸರಿಯ ವರ್ಗಮೂಲದಷ್ಟು ಏರುಪೇರು ಇದ್ದೇ ಇರುತ್ತದೆ ಎಂಬುದು ಸಂಭಾವ್ಯತೆಯ ನಿಯಮ. ಇಲ್ಲಿ 9ಕ್ಕೆ 3, ಎಂದರೆ ಶೇಕಡಾ 33. ದೊಡ್ಡ ಚೌಕದಲ್ಲಿ ಸರಾಸರಿ 144. ಏರುಪೇರು 12, ಎಂದರೆ ಶೇಕಡಾ 8 ಮಾತ್ರ. ಹತ್ತು ಚೌಕಗಳಲ್ಲಿ ಏಳು ಈ ಮಿತಿಯೊಳಗೆ ಬರುತ್ತವೆ. ಉದುರಿಸುವ ಕೈಯೇ ತಾರತಮ್ಯ ಮಾಡಿದ್ದರೆ ಏರುಪೇರು ಇನ್ನಷ್ಟು ಹೆಚ್ಚುತ್ತದೆ. ಆಗ ಇನ್ನೊಮ್ಮೆ ಉದುರಿಸಿ.

ಸಾಸಿವೆಯ ಬದಲು ಫೋಟಾನುಗಳನ್ನು ಕಲ್ಪಿಸಿಕೊಳ್ಳಿ. ವೇದಿಕೆಯ ಹಿಂದಿನ ಪರದೆ ಒಂದೇ ಬಣ್ಣದ್ದು, ಸಮನಾಗಿ ಬೆಳಗಿದೆ. ಆದರೂ ಸಣ್ಣ ಪಿಕ್ಸೆಲ್‌ಗಳಲ್ಲಿ ಒಂದಕ್ಕೆ 90, ಪಕ್ಕದ್ದಕ್ಕೆ 110 ಫೋಟಾನು ಸಿಕ್ಕಿರುತ್ತವೆ. ಈ ಶೇಕಡಾ 10ರ ಏರುಪೇರೇ ಚಿತ್ರದಲ್ಲಿ ಕಾಳುಕಾಳಾಗಿ ಕಾಣುವ ಗದ್ದಲ. ಅದೇ ಬೆಳಕಿನಲ್ಲಿ ದೊಡ್ಡ ಪಿಕ್ಸೆಲ್‌ಗೆ ಸುಮಾರು 1,700. ಏರುಪೇರು 41, ಎಂದರೆ ಶೇಕಡಾ ಎರಡೂವರೆಯಷ್ಟೇ. ವರ್ಧಿಸಿದರೆ ಸರಾಸರಿಯೊಂದಿಗೆ ಏರುಪೇರೂ ಅಷ್ಟೇ ಪಟ್ಟು ಬೆಳೆಯುವುದರಿಂದ ಶೇಕಡಾವಾರು ಬದಲಾಗದು. ಗದ್ದಲವು ಯಂತ್ರದ ದೋಷವಲ್ಲ, ಬೆಳಕಿನ ಸ್ವಭಾವವೇ ಅದು ಎಂಬುದು ಮಕ್ಕಳಿಗೆ ಈ ಪ್ರಯೋಗದಿಂದ ಚೆನ್ನಾಗಿ ಮನದಟ್ಟಾಗುತ್ತದೆ. ಸಂವೇದಕದ ವಿದ್ಯುನ್ಮಂಡಲ ಸೇರಿಸುವ ಗದ್ದಲ ಬೇರೆ ಇದೆ. ಅದನ್ನಿಲ್ಲಿ ಲೆಕ್ಕಕ್ಕೆ ತಂದಿಲ್ಲ.

ಇಂದಿನ ಮೊಬೈಲ್ ಫೋನುಗಳ ಸಂವೇದಕವೂ ಎಸ್‌ಎಲ್‌ಆರ್‌ನದಕ್ಕಿಂತ ಬಹಳ ಚಿಕ್ಕದು. ಆದರೂ ರಾತ್ರಿಯ ಚಿತ್ರ ಚೆನ್ನಾಗಿ ಬರುವುದು ಹೇಗೆ? ಫೋನು ಒಂದರ ಹಿಂದೊಂದು ಹಲವು ಚಿತ್ರ ತೆಗೆದು ಕೂಡಿಸುತ್ತದೆ. ಒಂಬತ್ತು ಚಿತ್ರ ಕೂಡಿಸಿದರೆ ಗದ್ದಲದ ಶೇಕಡಾವಾರು ಮೂರನೇ ಒಂದಕ್ಕೆ ಇಳಿಯುತ್ತದೆ. ಅದೇ ವರ್ಗಮೂಲದ ನಿಯಮ. ನಿಂತ ಗೋಪುರಕ್ಕೆ ಇದು ಚೆನ್ನ. ಕೋಲಾಟದ ಮಕ್ಕಳು ಒಂಬತ್ತು ಚಿತ್ರಗಳಲ್ಲಿ ಒಂಬತ್ತು ಕಡೆ ಇರುತ್ತಾರಲ್ಲ, ಅಲ್ಲಿ ತೊಡಕು.

ಕನ್ನಡಿಯ ಕೆಲಸ

ಎಸ್‌ಎಲ್‌ಆರ್ ಎಂಬ ಹೆಸರಿನ ಅರ್ಥ ಒಂದೇ ಲೆನ್ಸಿನ, ಪ್ರತಿಫಲನದಿಂದ ನೋಡುವ ಕ್ಯಾಮೆರಾ ಎಂದು. ಚಿತ್ರ ತೆಗೆಯುವ ಲೆನ್ಸಿನ ಮೂಲಕವೇ ನೋಡುತ್ತೇವೆ. ಲೆನ್ಸಿನ ಹಿಂದೆ 45 ಡಿಗ್ರಿ ಓರೆಯಾಗಿ ಒಂದು ಕನ್ನಡಿ ಇದೆ. ಅದು ಬೆಳಕನ್ನು ಮೇಲಕ್ಕೆ ತಿರುಗಿಸಿ ಒಂದು ಮಸುಕು ಗಾಜಿನ ಮೇಲೆ ಬಿಂಬ ಮೂಡಿಸುತ್ತದೆ. ಮೇಲಿನಿಂದ ಬಗ್ಗಿ ನೋಡಿದರೆ ಬಿಂಬ ತಲೆಕೆಳಗಾಗಿರುವುದಿಲ್ಲ, ಆದರೆ ಎಡ-ಬಲ ಅದಲುಬದಲಾಗಿರುತ್ತದೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ 1936ರಲ್ಲಿ ತಯಾರಾದ ಕೀನೆ ಎಕ್ಸಾಕ್ಟಾ ಕ್ಯಾಮೆರಾದಲ್ಲಿ ಹೀಗೆಯೇ ಬಗ್ಗಿ ನೋಡಬೇಕಿತ್ತು. ಬಲಕ್ಕೆ ಓಡುವ ಮಗು ಎಡಕ್ಕೆ ಓಡಿದಂತೆ ಕಂಡು ಛಾಯಾಗ್ರಾಹಕ ಕ್ಯಾಮೆರಾವನ್ನು ವಿರುದ್ಧ ದಿಕ್ಕಿಗೆ ತಿರುಗಿಸುವುದು ಸಾಮಾನ್ಯವಾಗಿತ್ತು. ಅದೇ ಊರಿನಿಂದ 1949ರಲ್ಲಿ ಬಂದ ಕಾಂಟ್ಯಾಕ್ಸ್ ಎಸ್ ಕ್ಯಾಮೆರಾದ ನೆತ್ತಿಯಲ್ಲಿ ಪೆಂಟಾಪ್ರಿಸಮ್ ಎಂಬ ಗಾಜಿನ ಪಟ್ಟಕ ಇತ್ತು. ಅದರ ಮೇಲಿನ ಒಂದು ಮುಖವನ್ನು ಮನೆಯ ಮಾಡಿನಂತೆ ಎರಡು ಇಳಿಜಾರಾಗಿ ಕಡೆದಿರುವುದರಿಂದ ಎಡ-ಬಲ ಮತ್ತೊಮ್ಮೆ ಅದಲುಬದಲಾಗಿ ಸರಿಹೋಗುತ್ತದೆ. ಎಸ್‌ಎಲ್‌ಆರ್‌ನ ನೆತ್ತಿಯ ಮೇಲೆ ಕಾಣುವ ಉಬ್ಬು ಇದೇ.

ಭೌತಶಾಸ್ತ್ರ ಕಲಿಸುವವರಿಗೆ ಇಲ್ಲೊಂದು ಒಳ್ಳೆಯ ಪ್ರಶ್ನೆ ಇದೆ. ಬೈನಾಕ್ಯುಲರ್‌ನ ಪಟ್ಟಕಗಳಲ್ಲಿ ಸಂಪೂರ್ಣ ಆಂತರಿಕ ಪ್ರತಿಫಲನವೇ ಸಾಕಾಗುತ್ತದೆ. ಹಾಗಿರುವಾಗ ಪೆಂಟಾಪ್ರಿಸಮ್‌ನ ಮುಖಗಳಿಗೆ ಬೆಳ್ಳಿ ಅಥವಾ ಅಲ್ಯೂಮಿನಿಯಂ ಲೇಪ ಏಕೆ ಬೇಕು? ಮಾಡಿಲ್ಲದ ಸರಳ ಪೆಂಟಾಪ್ರಿಸಮ್‌ನ ಚಿತ್ರ ಬರೆದು ಕೋನ ಅಳೆದರೆ ಪತನ ಕೋನ 22.5 ಡಿಗ್ರಿ ಬರುತ್ತದೆ. ಸಾಮಾನ್ಯ ಗಾಜಿನ ಕ್ರಾಂತಿಕೋನ ಸುಮಾರು 41 ಡಿಗ್ರಿ. ಕೋನ ಅದಕ್ಕಿಂತ ಕಡಿಮೆಯಾದ್ದರಿಂದ ಲೇಪವಿಲ್ಲದಿದ್ದರೆ ಬೆಳಕು ಹೊರಗೆ ಸೋರಿಹೋಗುತ್ತದೆ. ಅಗ್ಗದ ಕ್ಯಾಮೆರಾಗಳಲ್ಲಿ ಗಾಜಿನ ಗಟ್ಟಿಯ ಬದಲು ಅದೇ ಆಕಾರದಲ್ಲಿ ಜೋಡಿಸಿದ ಕನ್ನಡಿಗಳಿರುತ್ತವೆ. ಹಗುರ, ಆದರೆ ನೋಟ ತುಸು ಮಂಕು.

ಗುಂಡಿ ಒತ್ತಿದೊಡನೆ ಕನ್ನಡಿ ಮೇಲೇಳುತ್ತದೆ, ಬೆಳಕಿಂಡಿ ಬೇಕಾದ ಅಳತೆಗೆ ಕಿರಿದಾಗುತ್ತದೆ, ಷಟರ್ ತೆರೆದು ಮುಚ್ಚುತ್ತದೆ, ಕನ್ನಡಿ ಕೆಳಗಿಳಿಯುತ್ತದೆ. ಆ 'ಚಟಕ್' ಸದ್ದು ಇದರದೇ.

ಕನ್ನಡಿಯಿಂದ ಇನ್ನೊಂದು ಲಾಭವಿದೆ. ಅದರ ನಡುಭಾಗ ಅರೆಪಾರಕ. ಅಲ್ಲಿಂದ ನುಸುಳಿದ ಬೆಳಕನ್ನು ಹಿಂದಿನ ಕಿರುಗನ್ನಡಿಯೊಂದು ಕ್ಯಾಮೆರಾದ ತಳದಲ್ಲಿರುವ ಫೋಕಸ್ ಸಂವೇದಕಕ್ಕೆ ಕಳಿಸುತ್ತದೆ. ಲೆನ್ಸಿನ ಎರಡು ಅಂಚುಗಳಿಂದ ಬಂದ ಬಿಂಬಗಳನ್ನು ಅದು ಹೋಲಿಸುತ್ತದೆ. ನಮ್ಮ ಎರಡು ಕಣ್ಣುಗಳು ದೂರವನ್ನು ಅಂದಾಜು ಮಾಡುವಂತೆ, ಲೆನ್ಸು ಯಾವ ಕಡೆಗೆ ಎಷ್ಟು ಸರಿಯಬೇಕೆಂಬುದು ಒಂದೇ ಏಟಿಗೆ ತಿಳಿಯುತ್ತದೆ. ಜೇಬಿನ ಕ್ಯಾಮೆರಾ ಹಾಗಲ್ಲ. ಲೆನ್ಸನ್ನು ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಸರಿಸುತ್ತಾ ಬಿಂಬ ಯಾವಾಗ ಹೆಚ್ಚು ಸ್ಫುಟವಾಯಿತೆಂದು ತಡಕಾಡುತ್ತದೆ. ಮಬ್ಬು ಬೆಳಕಿನಲ್ಲಿ ಇದಕ್ಕೆ ಅರ್ಧ ಸೆಕೆಂಡೋ ಒಂದು ಸೆಕೆಂಡೋ ಹಿಡಿಯುತ್ತಿತ್ತು. ಎತ್ತರ ಜಿಗಿತದ ಸ್ಪರ್ಧೆಯಲ್ಲಿ ಹುಡುಗ ದಾಟಿಹೋದ ಮೇಲೆ ಬರೀ ಅಡ್ಡಕೋಲಿನ ಚಿತ್ರ ಸಿಕ್ಕಿದವರಿಗೆ ಇದರ ಅನುಭವ ಇರುತ್ತದೆ.

ಕಳೆದುಕೊಳ್ಳುವುದೂ ಉಂಟು

ಎಸ್‌ಎಲ್‌ಆರ್ ಕೊಂಡ ಮೊದಲ ತಿಂಗಳಲ್ಲಿ ಹಲವರಿಗೆ ಹಳೆಯ ಕ್ಯಾಮೆರಾವೇ ಚೆನ್ನಾಗಿತ್ತು ಎನಿಸುತ್ತದೆ. ಅದು ಬರೀ ಭ್ರಮೆಯಲ್ಲ. ಜೇಬಿನ ಕ್ಯಾಮೆರಾದ ಲೆನ್ಸಿನ ಸಂಗಮದೂರ ಜೂಮ್ ಮಾಡದಾಗ 5.8 ಮಿ.ಮೀ. ಇದ್ದು, ಬೆಳಕಿಂಡಿ ಎಫ್/2.8 ಎಂದಿಟ್ಟುಕೊಳ್ಳಿ. ಕಿಂಡಿಯ ವ್ಯಾಸ 2 ಮಿ.ಮೀ. ಮಾತ್ರ. ಸೂಜಿರಂಧ್ರ ಕ್ಯಾಮೆರಾವನ್ನು ನೆನಪಿಸಿಕೊಳ್ಳಿ. ರಂಧ್ರ ಕಿರಿದಾದಷ್ಟೂ ಹತ್ತಿರದ್ದು, ದೂರದ್ದು ಎರಡೂ ಸ್ಪಷ್ಟ. ಇಂಥ ಕ್ಯಾಮೆರಾವನ್ನು 2.4 ಮೀಟರಿಗೆ ಫೋಕಸ್ ಮಾಡಿದರೆ ಸುಮಾರು 1.2 ಮೀಟರಿನಿಂದ ಅನಂತದವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ. ತಪ್ಪು ಮಾಡುವುದೇ ಕಷ್ಟ. ಎಸ್‌ಎಲ್‌ಆರ್‌ಗೆ 50 ಮಿ.ಮೀ.ನ ಲೆನ್ಸು ಹಾಕಿ ಎಫ್/1.8ಕ್ಕೆ ತೆರೆದರೆ ಕಿಂಡಿ 28 ಮಿ.ಮೀ. ಅಗಲವಾಗುತ್ತದೆ. ಆಗ ಎರಡು ಮೀಟರ್ ದೂರದಲ್ಲಿ ಸ್ಪಷ್ಟವಾಗಿರುವ ಪಟ್ಟಿಯ ಆಳ ಹನ್ನೊಂದು ಹನ್ನೆರಡು ಸೆಂಟಿಮೀಟರ್ ಅಷ್ಟೆ. ಎರಡು ಸಾಲಿನಲ್ಲಿ ನಿಂತವರ ಗುಂಪುಚಿತ್ರ ತೆಗೆದರೆ ಒಂದು ಸಾಲು ಮಂಜಾಗುವುದು ಖಂಡಿತ. ಅಂಥಲ್ಲಿ ಎಫ್/8ಕ್ಕೆ ಕಿರಿದು ಮಾಡಬೇಕು.

ವಿಜ್ಞಾನ ಸಂಘದವರು ಹೂವಿನ ಕೇಸರ, ಜೇಡ, ಕಂಬಳಿಹುಳುಗಳನ್ನು ಹತ್ತಿರದಿಂದ ತೆಗೆಯುವುದುಂಟು. ಈ ಕೆಲಸಕ್ಕೆ ಜೇಬಿನ ಕ್ಯಾಮೆರಾ ನಿಜಕ್ಕೂ ಅನುಕೂಲ. ಎಸ್‌ಎಲ್‌ಆರ್‌ನ ಸಾಮಾನ್ಯ ಲೆನ್ಸು ಅಷ್ಟು ಹತ್ತಿರ ಹೋಗುವುದೂ ಇಲ್ಲ, ಹುಳುವಿನ ತಲೆಯಿಂದ ಬಾಲದವರೆಗೆ ಸ್ಪಷ್ಟತೆ ಕೊಡುವುದೂ ಇಲ್ಲ. ಹೊಸದು ಬಂತೆಂದು ಹಳೆಯದನ್ನು ಮಾರಬೇಡಿ.

ಹಕ್ಕಿ ನೋಡುವವರ ನಿರಾಸೆ ಇನ್ನೊಂದು ಬಗೆಯದು. ಹನ್ನೆರಡು ಪಟ್ಟು ಜೂಮ್ ಎಂದರೆ ಹನ್ನೆರಡು ಪಟ್ಟು ದೊಡ್ಡದು ಮಾಡುತ್ತದೆ ಎಂದಲ್ಲ. ಲೆನ್ಸಿನ ಅತಿ ಹೆಚ್ಚು ಮತ್ತು ಅತಿ ಕಡಿಮೆ ಸಂಗಮದೂರಗಳ ಅನುಪಾತ ಅದು. ಕೊಕ್ಕರೆಬೆಳ್ಳೂರಿನ ಹುಣಸೆಮರದಲ್ಲಿ, 30 ಮೀಟರ್ ದೂರದಲ್ಲಿ, ಸುಮಾರು ಒಂದು ಮೀಟರ್ ಎತ್ತರದ ಬಣ್ಣದ ಕೊಕ್ಕರೆ ನಿಂತಿದೆ. ಬಿಂಬದ ಎತ್ತರ ಬೇಕಾದರೆ ಸಂಗಮದೂರವನ್ನು 30ರಿಂದ ಭಾಗಿಸಿದರಾಯಿತು. ಸಣ್ಣ ಸಂವೇದಕದ, 6ರಿಂದ 72 ಮಿ.ಮೀ. ಜೂಮ್ ಇರುವ ಕ್ಯಾಮೆರಾದಲ್ಲಿ ಬಿಂಬ 2.4 ಮಿ.ಮೀ.; ಸಂವೇದಕದ ಎತ್ತರದ ಅರ್ಧಕ್ಕೂ ಹೆಚ್ಚು. ಎಸ್‌ಎಲ್‌ಆರ್‌ನ ಜೊತೆಗೆ ಕೊಡುವ 18-55 ಮಿ.ಮೀ. ಲೆನ್ಸಿನಲ್ಲಿ 1.8 ಮಿ.ಮೀ.; 15.6ರಲ್ಲಿ ಎಂಟನೇ ಒಂದು ಭಾಗವೂ ಅಲ್ಲ! ಅರ್ಧ ಚೌಕಟ್ಟು ತುಂಬಬೇಕಾದರೂ 250-300 ಮಿ.ಮೀ.ನ ಲೆನ್ಸು ಬೇಕು, ಅದಕ್ಕೆ ಬೇರೆ ಹಣ ತೆರಬೇಕು.

ಮತ್ತೆ ವೇದಿಕೆಗೆ

ಎರಡನೆಯ ವರ್ಷದ ಸೋಲಿಗೆ ಕಾರಣ ಈಗ ಲೆಕ್ಕಕ್ಕೆ ಸಿಗುತ್ತದೆ. ಜೊತೆಗೆ ಬಂದ ಲೆನ್ಸು ಜೂಮ್ ಮಾಡಿದಾಗ ಎಫ್/5.6. ಐಎಸ್‌ಓ 1600 ಇಟ್ಟರೂ 31.4 × 250 ÷ (100 × 1600) = 0.049, ಅಂದರೆ 1/20 ಸೆಕೆಂಡು. ಹುಡುಗಿ ಇನ್ನೂ 5 ಸೆಂಟಿಮೀಟರ್ ಸರಿಯುತ್ತಾಳೆ. ಕ್ಯಾಮೆರಾ ಬದಲಾಗಿತ್ತು, ಕಿಂಡಿ ಬದಲಾಗಿರಲಿಲ್ಲ.

ಎಫ್/1.8ರ 50 ಮಿ.ಮೀ. ಲೆನ್ಸು ಹಾಕಿದರೆ? 3.24 × 250 ÷ (100 × 1600) = 0.005, ಎಂದರೆ 1/200 ಸೆಕೆಂಡು. ಸರಿಯುವುದು ಅರ್ಧ ಸೆಂಟಿಮೀಟರ್. ಜೂಮ್ ಇಲ್ಲದ ಈ ಲೆನ್ಸು ಎಸ್‌ಎಲ್‌ಆರ್ ಲೆನ್ಸುಗಳಲ್ಲೇ ಅಗ್ಗದವುಗಳ ಸಾಲಿಗೆ ಸೇರಿದ್ದು. ಎಂಟು ಮೀಟರ್ ದೂರದಿಂದ ಅದು ವೇದಿಕೆಯ 3.8 ಮೀಟರ್ ಅಗಲವನ್ನು ಹಿಡಿಯುತ್ತದೆ. ಅಷ್ಟು ದೂರದಲ್ಲಿ ಸ್ಪಷ್ಟತೆಯ ಆಳವೂ 1.8 ಮೀಟರಿನಷ್ಟು ಸಿಗುವುದರಿಂದ ಮೂರು ನಾಲ್ಕು ಮಕ್ಕಳು ಒಟ್ಟಿಗೆ ಸ್ಪಷ್ಟವಾಗಿ ಬರುತ್ತಾರೆ. 2010ರ ವಾರ್ಷಿಕೋತ್ಸವಕ್ಕೆ ಅಂಥ ಲೆನ್ಸೊಂದನ್ನು ಗೆಳೆಯರಿಂದ ಎರವಲು ತಂದೆ. ಮೊದಲ ವರ್ಷ ಗೀರಾಗಿ ಮೂಡಿದ್ದ ಹುಡುಗಿ ಆಗ ಹತ್ತನೇ ತರಗತಿ. ಕೋಲು ಕೋಲಿಗೆ ತಾಗುವ ಗಳಿಗೆಯ ಚಿತ್ರವೊಂದು ಸಿಕ್ಕಿತು; ಕಣ್ಣಿನ ರೆಪ್ಪೆಗಳನ್ನೂ ಗುರುತಿಸಬಹುದಿತ್ತು. ಅಚ್ಚು ಹಾಕಿಸಿ ಅವಳ ತಂದೆಗೆ ಕೊಟ್ಟೆವು.

ಲೆನ್ಸು ಕೊಳ್ಳುವಾಗ ಒಂದು ಎಚ್ಚರ ಬೇಕು. ನಿಕಾನ್ ಎಸ್‌ಎಲ್‌ಆರ್‌ಗಳ ಲೆನ್ಸು ಕೂರಿಸುವ ಬಳೆ 1959ರಿಂದಲೂ ಮೂಲತಃ ಒಂದೇ, ಆದ್ದರಿಂದ ಹಳೆಯ ಲೆನ್ಸುಗಳು ಹಲವು ಹೊಸ ಕ್ಯಾಮೆರಾಗಳಲ್ಲೂ ಕೂರುತ್ತವೆ. ಆದರೆ ಡಿ40ಯಂಥವುಗಳಲ್ಲಿ ಫೋಕಸ್ ಮಾಡುವ ಮೋಟಾರು ಕ್ಯಾಮೆರಾದೊಳಗೆ ಇಲ್ಲ. ಲೆನ್ಸಿನಲ್ಲೇ ಮೋಟಾರು ಇಲ್ಲದಿದ್ದರೆ ಕೈಯಿಂದಲೇ ತಿರುಗಿಸಿ ಫೋಕಸ್ ಮಾಡಬೇಕು. ಕ್ಯಾನನ್‌ನವರು 1987ರಲ್ಲಿ ಹಳೆಯ ಬಳೆಯನ್ನು ಕೈಬಿಟ್ಟು ಮೋಟಾರನ್ನು ಲೆನ್ಸಿನೊಳಗೆ ಇಟ್ಟರು. ಅಲ್ಲಿ ಈ ತೊಡಕಿಲ್ಲ, ಅದಕ್ಕೂ ಹಿಂದಿನ ಲೆನ್ಸುಗಳು ಮಾತ್ರ ಹೊಂದುವುದಿಲ್ಲ.

ಈಗ ಕೊಳ್ಳುವುದಾದರೆ

ಅಮೆರಿಕದಲ್ಲಿ ಸಾವಿರ ಡಾಲರಿಗಿಂತ ಕಡಿಮೆ ಬೆಲೆಗೆ ಡಿಜಿಟಲ್ ಎಸ್‌ಎಲ್‌ಆರ್ ಸಿಕ್ಕಿದ್ದು 2003ರಲ್ಲಿ, ಕ್ಯಾನನ್ 300ಡಿ ಬಂದಾಗ. ಮುಂದಿನ ಹತ್ತು ವರ್ಷ ಈ ಕ್ಯಾಮೆರಾಗಳ ಸುಗ್ಗಿ. 2008ರಲ್ಲಿ ಪ್ಯಾನಾಸೋನಿಕ್‌ನ ಜಿ1 ಎಂಬ ಕ್ಯಾಮೆರಾ ಕನ್ನಡಿಯನ್ನೇ ತೆಗೆದುಹಾಕಿ, ಕಣ್ಣಿಗೆ ಪುಟ್ಟ ವಿದ್ಯುನ್ಮಾನ ಪರದೆ ಇಟ್ಟಿತು. ಎರಡು ಅಂಚುಗಳ ಬೆಳಕನ್ನು ಹೋಲಿಸುವ ಫೋಕಸ್ ವಿಧಾನವನ್ನು ಮುಂದೆ ಸಂವೇದಕದ ಮೇಲೇ ಅಳವಡಿಸಲು ಸಾಧ್ಯವಾದಾಗ ಕನ್ನಡಿಗೆ ಕೆಲಸವೇ ಇಲ್ಲದಂತಾಯಿತು. ನಿಕಾನ್ ಡಿ6 ಮತ್ತು ಕ್ಯಾನನ್ 1ಡಿ ಎಕ್ಸ್ ಮಾರ್ಕ್ 3 ಎಂಬ ಎರಡು ದುಬಾರಿ ಎಸ್‌ಎಲ್‌ಆರ್‌ಗಳು 2020ರಲ್ಲಿ ಹೊರಬಂದವು. ಆಮೇಲೆ ಎರಡೂ ಕಂಪನಿಗಳ ಗಮನ ಕನ್ನಡಿರಹಿತ ಕ್ಯಾಮೆರಾಗಳತ್ತ ಹೊರಳಿದೆ. ಜೇಬಿನ ಕ್ಯಾಮೆರಾಗಳ ಜಾಗವನ್ನು ಬಹುಮಟ್ಟಿಗೆ ಫೋನು ಆಕ್ರಮಿಸಿದೆ.

ಇದರ ಲಾಭ ಶಾಲೆಗಳಿಗಿದೆ. ಒಳ್ಳೆಯ ಎಸ್‌ಎಲ್‌ಆರ್‌ಗಳು ಬಳಸಿದ ಸ್ಥಿತಿಯಲ್ಲಿ ಹೊಸದರ ಅಲ್ಪಾಂಶ ಬೆಲೆಗೆ ಸಿಗುತ್ತವೆ. ಸಂವೇದಕದ ವಿಸ್ತೀರ್ಣ ಹಳತಾಗುವುದಿಲ್ಲ. ಕನ್ನಡಿ, ಪಟ್ಟಕ, ಷಟರ್ ಎಲ್ಲವನ್ನೂ ಲೆನ್ಸು ಬಿಚ್ಚಿ ಮಕ್ಕಳಿಗೆ ತೋರಿಸಬಹುದು. ಇದು ಫೋನಿನಿಂದ ಆಗದ ಕೆಲಸ.

ಬಳಸಿದ್ದನ್ನು ಕೊಳ್ಳುವಾಗ ಷಟರ್ ಎಷ್ಟು ಬಾರಿ ತೆರೆದಿದೆ ಎಂದು ಕೇಳಿ. ಆರಂಭಿಕ ಮಟ್ಟದ ಕ್ಯಾಮೆರಾಗಳ ಷಟರ್ ಐವತ್ತು ಸಾವಿರದಿಂದ ಒಂದು ಲಕ್ಷ ಬಾರಿ ಬಾಳುವಂತೆ ತಯಾರಾಗಿರುತ್ತದೆ. ಹಲವು ಕ್ಯಾಮೆರಾಗಳು ಈ ಎಣಿಕೆಯನ್ನು ಚಿತ್ರದ ಕಡತದಲ್ಲೇ ಬರೆದಿಡುತ್ತವೆ. ಬಳಿಕ ಎಫ್/16ಕ್ಕೆ ಕಿರಿದು ಮಾಡಿ ಬರಿಯ ಆಕಾಶದ ಚಿತ್ರ ತೆಗೆಯಿರಿ. ಸಂವೇದಕದ ಮೇಲೆ ಧೂಳಿದ್ದರೆ ಬೂದು ಚುಕ್ಕೆಗಳಾಗಿ ಕಾಣುತ್ತದೆ. ಧೂಳನ್ನು ಒರೆಸಿಸಬಹುದು, ಗಾಬರಿ ಬೇಡ. ಗಾಬರಿಪಡಬೇಕಾದದ್ದು ಲೆನ್ಸಿನೊಳಗಿನ ಬೂಷ್ಟಿಗೆ. ಲೆನ್ಸಿನ ಒಂದು ಕಡೆಯಿಂದ ಟಾರ್ಚ್ ಹಾಕಿ ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದನ್ನು ಬಿಟ್ಟುಬಿಡಿ. ಗಾಜಿನ ಮೇಲಿನ ಲೇಪವನ್ನು ಶಿಲೀಂಧ್ರ ಕೊರೆದುಬಿಟ್ಟರೆ ಒರೆಸಿದರೂ ಗುರುತು ಹೋಗುವುದಿಲ್ಲ.

ಕರಾವಳಿಯಲ್ಲೂ ಮಲೆನಾಡಿನಲ್ಲೂ ಮಳೆಗಾಲದ ನಾಲ್ಕು ತಿಂಗಳು ಇದೇ ದೊಡ್ಡ ಕಾಟ. ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿ ಹಾಕಿ ಬೀರುವಿನ ಕತ್ತಲಲ್ಲಿ ಇಡುವುದು ಶಿಲೀಂಧ್ರಕ್ಕೆ ಊಟ ಹಾಕಿ ಮನೆ ಕೊಟ್ಟಂತೆ. ಅಡುಗೆಮನೆಯಲ್ಲಿ ಬಳಸುವ, ರಬ್ಬರ್ ಅಂಚಿನ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ ಸಾಕು. ಪ್ರಯೋಗಾಲಯದ ನೀಲಿ ಸಿಲಿಕಾ ಜೆಲ್ ಹರಳುಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಜೊತೆಗಿಡಿ. ತೇವ ಹೀರಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಬೇರೆ ಹರಳು ಹಾಕಿ. ಗುಲಾಬಿಯಾದವನ್ನು ಪ್ರಯೋಗಾಲಯದ ಒಲೆಯಲ್ಲಿ 110-120 ಡಿಗ್ರಿಗೆ ಕಾಯಿಸಿದರೆ ಮತ್ತೆ ನೀಲಿಯಾಗುತ್ತವೆ. ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡ್‌ನಿಂದ ಬಂದದ್ದು, ವಿಷಕಾರಿ. ಮಕ್ಕಳು ಬರಿಗೈಯಲ್ಲಿ ಮುಟ್ಟದಂತೆ, ಅಡುಗೆಯ ಪಾತ್ರೆಯಲ್ಲಿ ಕಾಯಿಸದಂತೆ ನೋಡಿಕೊಳ್ಳಿ. ಬಿಸಿಲು ಬಂದ ದಿನ ಲೆನ್ಸನ್ನು ಹೊರತೆಗೆದು, ಎರಡೂ ಮುಚ್ಚಳ ಬಿಚ್ಚಿ, ಕಿಟಕಿಯ ಬಳಿ ಅರ್ಧ ಗಂಟೆ ಗಾಳಿಗಿಡಿ. ನೇರ ಬಿಸಿಲಿಗೆ ಮುಖ ಮಾಡಿ ಇಡಬೇಡಿ. ಭೂತಗನ್ನಡಿಯಿಂದ ಕಾಗದ ಸುಟ್ಟದ್ದು ನೆನಪಿದೆಯಲ್ಲ?